ಬೇಕು ಎಂಬ ಮಾತು

ಕನ್ನಡದಲ್ಲಿ 'ಬೇಕು' ಎನ್ನುವುದು ಬಹಳ ಉದಾರವಾದ ಮಾತು. ಹಸಿದವನಿಗೆ ಅನ್ನ ಬೇಕು, ಮಗುವಿಗೆ ಬಲೂನು ಬೇಕು, ಅತ್ತೆಗೆ ಮೊಮ್ಮಗ ಬೇಕು. ಇಲ್ಲದಿದ್ದರೆ ಜೀವ ಹೋಗುವಂಥದ್ದಕ್ಕೂ, ಇದ್ದರೆ ಚೆನ್ನ ಎನ್ನುವಂಥದ್ದಕ್ಕೂ ನಮಗೆ ಒಂದೇ ಮಾತು. ಇದರಿಂದ ದಿನಬಳಕೆಯಲ್ಲಿ ತೊಂದರೆಯೇನೂ ಆಗುವುದಿಲ್ಲ. ಎದುರಿಗಿರುವವರ ಮುಖ ನೋಡಿದರೆ ಯಾವ 'ಬೇಕು' ಎಂದು ತಿಳಿದುಬಿಡುತ್ತದೆ. ಮುಖ ನೋಡದೆ ಕಾಗದದ ಮೇಲೆ ಕೇಳಿದಾಗಲೇ ಕಷ್ಟ.

ಈ ಯೋಚನೆ ನನ್ನ ತಲೆಗೆ ಹತ್ತಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳ ದೆಸೆಯಿಂದ. ನಾನು ಬಿ.ಎ., ಬಿ.ಎಡ್. ಮುಗಿಸಿ ಮೂವತ್ತು ವರ್ಷಕ್ಕೆ ಹತ್ತಿರ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವಳು. ಸಂಶೋಧನೆಯ ಗಾಳಿಯೂ ನನಗೆ ಸೋಕಿದ್ದಿಲ್ಲ. ಇವಳು ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಕಡೆಯ ಸಣ್ಣ ಊರುಗಳಿಂದ ನರ್ಸಿಂಗ್, ಬಿ.ಕಾಂ., ಡಿಪ್ಲೊಮಾ ಓದಲು ಹೋಗುವವರಿಗೆ ಓದಿಗೆ ಎಂಥ ಇಂಗ್ಲಿಷ್ ಬೇಕು, ಉದ್ಯೋಗಕ್ಕೆ ಎಂಥದ್ದು, ಎಷ್ಟು ಎಂಬುದು ಅವಳ ವಿಷಯ. ಅದಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ಊರು ಆರಿಸಿಕೊಂಡಿದ್ದಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಆಮೇಲೆ ತಾಲ್ಲೂಕಾಯಿತು. ಜಿಲ್ಲೆ ಒಂದೇ ಆದರೂ ಅಡಿಕೆ ತೋಟದ ಚನ್ನಗಿರಿಗೂ ಮಳೆಗಾಗಿ ಮುಗಿಲು ನೋಡುವ ಜಗಳೂರಿಗೂ ಬಹಳ ಅಂತರ. ಬೇಸಿಗೆ ರಜೆಯಲ್ಲಿ "ನೀವೂ ಬನ್ನಿ ಮಿಸ್, ನಿಮ್ಮನ್ನು ಕಂಡರೆ ಮನೆಯವರು ಮಾತಾಡುತ್ತಾರೆ" ಎಂದಳು. ಹೋದೆ.

ಅವಳ ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನಾವಳಿ ಇತ್ತು. ಪ್ರತಿ ಪ್ರಶ್ನೆಯ ಮುಂದೆ ಐದು ಚೌಕ: ಅತ್ಯಗತ್ಯದಿಂದ ಹಿಡಿದು ಅಗತ್ಯವೇ ಇಲ್ಲ ಎನ್ನುವವರೆಗೆ. ಈ ವಿದ್ಯೆ ಹೊಸದಲ್ಲವಂತೆ. ಇಂಗ್ಲಿಷ್ ಕಲಿಯುವವರ ಅಗತ್ಯವೇನೆಂದು ಮೊದಲು ಕೇಳಿಕೊಂಡವರಲ್ಲಿ ಒಬ್ಬ ನಮ್ಮ ದೇಶದಲ್ಲೇ ಇದ್ದ ಮೈಕೆಲ್ ವೆಸ್ಟ್. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಆತ 1926ರಲ್ಲಿ ಬಂಗಾಳದ ಮಕ್ಕಳ ಬಗ್ಗೆ ಪುಸ್ತಕ ಬರೆದ. ಹೆಚ್ಚಿನ ಮಕ್ಕಳು ಶಾಲೆಯನ್ನು ಅರ್ಧಕ್ಕೇ ಬಿಡುತ್ತಾರೆ, ಬಿಟ್ಟ ದಿನ ಅವರ ಕೈಯಲ್ಲಿ ಉಳಿಯುವುದೇನು ಎಂಬುದು ಅವನ ಚಿಂತೆ. ವಿಮೆಯ ಕಂತು ಮಧ್ಯದಲ್ಲಿ ನಿಲ್ಲಿಸಿದರೆ ಕೈಗೆ ಬರುವ ಸರೆಂಡರ್ ವ್ಯಾಲ್ಯೂ ಇದೆಯಲ್ಲ, ಆ ಮಾತನ್ನೇ ಅವನು ಓದಿಗೆ ಬಳಸಿದ. ಎಲ್.ಐ.ಸಿ. ಪಾಲಿಸಿ ಒಡೆದು ಮಗಳ ಮದುವೆ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1978ರಲ್ಲಿ ಮನ್‌ಬಿ ಎಂಬುವವರು ಯಾರೊಂದಿಗೆ, ಎಲ್ಲಿ, ಯಾವುದಕ್ಕೆ ಎಂದು ಕಲಿಯುವವನ ಜಾತಕವನ್ನೇ ಬರೆಯುವಂಥ ದೊಡ್ಡ ನಮೂನೆ ಮಾಡಿದರು. ಅದರ ಮೇಲೆ ಬಂದ ಆಕ್ಷೇಪಣೆ ನನಗೆ ತುಂಬ ಹಿಡಿಸಿತು: ಎಲ್ಲವೂ ಕಲಿಯುವವನ ಬಗ್ಗೆ ಸಂಗ್ರಹಿಸಿದ್ದು, ಕಲಿಯುವವನಿಂದ ಕೇಳಿದ್ದಲ್ಲ! 1987ರಲ್ಲಿ ಹಚಿನ್ಸನ್ ಮತ್ತು ವಾಟರ್ಸ್ ಎಂಬಿಬ್ಬರು ಇದನ್ನು ಮೂರು ಪಾಲು ಮಾಡಿದರು. ಅಗತ್ಯ ಬೇರೆ, ಕೊರತೆ ಬೇರೆ, ಬಯಕೆ ಬೇರೆ.

ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಪದ. ನಮ್ಮ ಹುಡುಗಿ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ಬಾಯಲ್ಲಿ ಕೇಳಿದಾಗ ಮೂರಕ್ಕೂ ಬಂದ ಉತ್ತರ ಒಂದೇ: "ಬೇಕು." ಓದೋಕೆ ಇಂಗ್ಲಿಷ್ ಬೇಕಾ? ಬೇಕು. ಮಾತಾಡೋಕೆ? ಬೇಕು. ಟೀಚರು ಪಕ್ಕದಲ್ಲಿ ನಿಂತಿರುವಾಗ ಬೇಡ ಎನ್ನುವ ಧೈರ್ಯ ಯಾರಿಗಿದೆ? ಎರಡನೆಯ ದಿನದಿಂದ ಅವಳು ಪ್ರಶ್ನೆಯನ್ನೇ ಬದಲಿಸಿದಳು. "ಇಲ್ಲದಿದ್ದರೆ ಏನಾಗುತ್ತೆ?" ಎಂದು ಕೇಳತೊಡಗಿದಳು. ಆಗ ಜನ ಮಾತಾಡಿದರು.

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಬಿ.ಕಾಂ. ಹುಡುಗ ತನ್ನ ಇಂಗ್ಲಿಷಿನ ಮುಂದೆ 'ತುಂಬ ಕಡಿಮೆ' ಎಂದು ಗುರುತು ಹಾಕಿದ್ದ. ಅವನ ಬಳಿ ಒಂದು ಬೆಳಿಗ್ಗೆ ಕೂತು ನೋಡಿದೆವು. ರಾಶಿ, ಬೆಟ್ಟೆ, ಗೊರಬಲು ಎಲ್ಲ ಕನ್ನಡ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಕಂಪ್ಯೂಟರಿನ ಬಿಲ್ಲು ಮಾತ್ರ ಇಂಗ್ಲಿಷು. ಅದನ್ನು ಅವನು ಒಂದು ತಪ್ಪಿಲ್ಲದೆ ಮಾಡುತ್ತಿದ್ದ. "ಇಲ್ಲದಿದ್ದರೆ ಏನಾಗುತ್ತಪ್ಪ?" ಎಂದರೆ ನಕ್ಕ. "ಕೆಲಸಕ್ಕೇನೂ ಆಗಲ್ಲ ಮೇಡಂ. ಹೆಣ್ಣು ಕೊಡಲ್ಲ ಅಷ್ಟೆ."

ಜಗಳೂರಿನ ಹುಡುಗಿಯ ಉತ್ತರ ಇಷ್ಟು ಹಗುರವಾಗಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಬೇರೆ ಊರಿನಲ್ಲಿ ನರ್ಸಿಂಗ್ ಸೇರಿ, ಮನೆಗೆ ಬಂದಿದ್ದಳು. ಮೊದಲು ಸುಮ್ಮನಿದ್ದಳು. ಆಮೇಲೆ, "ಡಾಕ್ಟರು ಎಲ್ಲರ ಎದುರಿಗೆ ಬಯ್ಯದಿದ್ರೆ ಇಷ್ಟು ಬೇಕಾಗಲ್ಲ ಮಿಸ್" ಎಂದಳು. ಕೇಸ್ ಶೀಟಿನಲ್ಲಿ ಅವಳು ಬರೆದದ್ದನ್ನು ಯಾರೋ ವಾರ್ಡಿನ ಮಧ್ಯೆ ಗಟ್ಟಿಯಾಗಿ ಓದಿ ನಕ್ಕಿದ್ದರಂತೆ. ಅಲ್ಲಿಂದ ಪೆನ್ನು ಹಿಡಿದರೆ ಕೈ ಬೆವರುತ್ತದೆ.

ಈ ಹುಡುಗಿಯ ಕೆಲಸವನ್ನು ಸ್ವಲ್ಪ ಗಮನಿಸಿ. ಚೀಟಿಯಲ್ಲಿ 'ಬಿ.ಡಿ.' ಎಂದಿದ್ದರೆ ದಿನಕ್ಕೆರಡು ಸಲ, 'ಟಿ.ಡಿ.ಎಸ್.' ಎಂದಿದ್ದರೆ ಮೂರು ಸಲ. (ಬ್ಯಾಂಕಿನಲ್ಲಿ ಟಿ.ಡಿ.ಎಸ್. ಎಂದರೆ ನಮ್ಮ ಬಡ್ಡಿಯಲ್ಲಿ ತೆರಿಗೆ ಹಿಡಿದುಕೊಳ್ಳುವುದು. ಅದು ಬೇರೆ ಸಂಕಟ.) ಇವು ಇಂಗ್ಲಿಷೂ ಅಲ್ಲ, ಲ್ಯಾಟಿನ್ನಿನ ತುಂಡುಗಳು. 'ಎನ್.ಪಿ.ಒ.' ಎಂದಿದ್ದರೆ ಅವಳು ಮಗುವಿನ ತಾಯಿಯ ಹತ್ತಿರ ಹೋಗಿ, "ಅಮ್ಮಾ, ಆಪರೇಷನ್ ಆಗೋವರೆಗೂ ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ" ಎನ್ನಬೇಕು. ಆ ತಾಯಿ "ಒಂದು ಗುಟುಕು ಹಾಲು?" ಎಂದರೆ ಏಕೆ ಕೂಡದು ಎಂದು ಭಯಪಡಿಸದೆ ತಿಳಿಸಬೇಕು. ಆ ತಾಯಿ 'ಎದೆ ಚುಳುಚುಳು ಅಂತದೆ' ಎಂದರೆ ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ದಿನಕ್ಕೆ ಎಷ್ಟು ಸಲ ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾಳೆ! ನಾನು ನೋಡಿದ ಪ್ರಶ್ನಾವಳಿಯಲ್ಲಿ ಇದಕ್ಕೊಂದು ಚೌಕವೂ ಇರಲಿಲ್ಲ. ಅವಳ ಹೆಸರಿನ ಮುಂದೆ ಇದ್ದದ್ದು ಕೊರತೆ ಮಾತ್ರ.

ನನಗೆ ಇದು ಧರ್ಮದ ಪ್ರಶ್ನೆ ಎನ್ನಿಸಿದ್ದು ಇಲ್ಲಿ. ರೋಗಿಗೆ ಕನ್ನಡ, ದಾದಿಗೆ ಕನ್ನಡ, ಎಷ್ಟೋ ಸಲ ವೈದ್ಯರಿಗೂ ಕನ್ನಡ. ನಡುವೆ ಇರುವ ಕಾಗದ ಮಾತ್ರ ಇಂಗ್ಲಿಷ್. ಹೀಗಿರುವಾಗ ಕೊರತೆ ದಾದಿಯದೋ, ಕಾಗದದ್ದೋ? ಸಂಶೋಧಕರು ಕಾಗದವನ್ನು ಪ್ರಶ್ನೆ ಮಾಡುವುದಿಲ್ಲ. ಅದು ದೇವರ ಹಾಗೆ ಮೊದಲೇ ಇದೆ. ಪ್ರಶ್ನೆಯೆಲ್ಲ ಅದರ ಮುಂದೆ ನಿಂತ ಹುಡುಗಿಗೆ. ಔಷಧಿಯ ಹೆಸರು, ರೋಗದ ಹೆಸರು ಇಂಗ್ಲಿಷಿನಲ್ಲಿರಲಿ, ದೊಡ್ಡಾಸ್ಪತ್ರೆಗೆ ಕಳಿಸಿದಾಗ ಅಲ್ಲಿಯೂ ಓದಬೇಕಲ್ಲ. ಆದರೆ ಮನೆಗೆ ಕಳಿಸುವಾಗ ಕೊಡುವ ಚೀಟಿ ಯಾರಿಗಾಗಿ ಬರೆದದ್ದು?

ನನ್ನ ವಾದವನ್ನು ಹಿಗ್ಗಿಸಿ, 'ಹಾಗಾದರೆ ಈ ಮಕ್ಕಳಿಗೆ ಇಂಗ್ಲಿಷ್ ಅಷ್ಟೊಂದು ಬೇಡ' ಎನ್ನುವವರು ಕೂಡಲೇ ಸಿಗುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ನಾಲ್ಕೂರು ಸುತ್ತಿ, ಇಲ್ಲಿಯ ನರ್ಸಿಗೆ ಇಂತಿಷ್ಟು ಪದ ಸಾಕು ಎಂದು ವರದಿ ಬರೆದರೆ, ನಾಳೆ ಪಠ್ಯವೂ ಅಷ್ಟಕ್ಕೇ ನಿಂತೀತು. ಜಗಳೂರಿನ ಹುಡುಗಿಗೆ ಲಂಡನ್ನಿನಲ್ಲಿ ಕೆಲಸ ಮಾಡುವ ಆಸೆ. ಅದಕ್ಕೆ ಐ.ಇ.ಎಲ್.ಟಿ.ಎಸ್. ಅಥವಾ ಓ.ಇ.ಟಿ. ಪರೀಕ್ಷೆ ಪಾಸಾಗಬೇಕೆಂದು ನಮಗೆ ಹೇಳಿದವಳೇ ಅವಳು. ಜಗಳೂರಿನ ಅಳತೆಯಲ್ಲಿ ಹೊಲಿದ ಇಂಗ್ಲಿಷ್ ಅಲ್ಲಿ ಮೈಗೆ ಸಾಲುತ್ತದೆಯೇ? ಇನ್ನೊಂದು ಮಾತು. ಬೆಂಗಳೂರಿನ ದೊಡ್ಡ ಶಾಲೆಯ ಮಗುವನ್ನು 'ನಿನಗೆ ಇಂಗ್ಲಿಷ್ ಯಾತಕ್ಕೆ, ಎಷ್ಟು ಬೇಕು' ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಅಳೆಯದೆ ಬಡಿಸುತ್ತಾರೆ. ಸೇರು, ಪಾವು ಹಿಡಿದು ಬರುವುದು ನಮ್ಮ ಮಕ್ಕಳ ಎಲೆಯ ಮುಂದೆ.

ಸಂಶೋಧಕಿಯ ಬಗ್ಗೆಯೂ ಹೇಳಬೇಕು. ಉತ್ತರ ಕೊಡುವವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕೆಂಬ ನಿಯಮ ಅವಳಿಗಿತ್ತು. ಒಳ್ಳೆಯ ನಿಯಮವೇ, ಆದರೆ ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ! ಇಂಗ್ಲಿಷ್ ಬಾರದು ಎಂದು ಹೇಳಬಂದವರು ಇಂಗ್ಲಿಷಿನಲ್ಲಿ ಒಪ್ಪಿಗೆ ಬರೆದುಕೊಡಬೇಕಿತ್ತು. ನ್ಯಾಮತಿಯ ಒಂದು ಮನೆಯಲ್ಲಿ ಹುಡುಗಿಯ ತಾಯಿ ಪತ್ರ ತಿರುಗಿಸಿ ನೋಡಿ, "ಇದು ಸಾಲದ ಕಾಗದ ಅಲ್ಲ ತಾನೆ?" ಎಂದರು. ಅಂದು ರಾತ್ರಿಯೇ ಕೂತು ಅವಳು ಅದನ್ನು ಕನ್ನಡಕ್ಕೆ ಬರೆದಳು. ಮರುದಿನ ಹೊನ್ನಾಳಿಯಲ್ಲಿ ಓದಿ ಕೇಳಿಸಿದಾಗ ಇಬ್ಬರು ಹುಡುಗಿಯರು ಸಹಿ ಮಾಡಲು ಒಪ್ಪಲಿಲ್ಲ, ಎದ್ದು ಹೋದರು. ಲೆಕ್ಕದಲ್ಲಿ ಇಬ್ಬರು ಕಡಿಮೆಯಾದರೆಂದು ಅವಳಿಗೆ ಬೇಸರ. ನನಗೆ ಮಾತ್ರ, ಇಷ್ಟು ದಿನಕ್ಕೆ ಆ ಪತ್ರ ತನ್ನ ಕೆಲಸ ಮಾಡಿತು ಎನ್ನಿಸಿತು.

ಜಗಳೂರಿನ ಹುಡುಗಿ ಹೊರಡುವಾಗ ಕೇಳಿದಳು: "ನಾನು ಹೇಳಿದ್ದನ್ನ ಯಾವ ಭಾಷೇಲಿ ಬರೀತೀರಕ್ಕ?" ಇಂಗ್ಲಿಷಿನಲ್ಲಿ, ಎಂದಳು ಇವಳು. "ಬಯ್ದಿದ್ದನ್ನೂ ಬರೀತೀರಾ?" ಇವಳಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬಯ್ದದ್ದಕ್ಕೆ ಅವಳ ಪ್ರಶ್ನಾವಳಿಯಲ್ಲಿ ಜಾಗವಿರಲಿಲ್ಲ. ಕೊನೆಗೆ ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಂಡಳು, ಕನ್ನಡದಲ್ಲಿ.

ಮೊನ್ನೆ ಪಕ್ಕದ ಮನೆಯ ಬಸುರಿ ತನ್ನ ತಾಯಿ ಕಾರ್ಡನ್ನು ತೋರಿಸಲು ತಂದಿದ್ದಳು. ಕನ್ನಡದಲ್ಲಿ ಅಚ್ಚಾದ ಕಾರ್ಡು. ತೂಕ, ರಕ್ತದೊತ್ತಡ, ಮುಂದಿನ ತಪಾಸಣೆಯ ದಿನ ಎಲ್ಲವನ್ನೂ ದಾದಿ ದುಂಡಗಿನ ಅಕ್ಷರದಲ್ಲಿ ತುಂಬಿದ್ದಳು. ಎಲ್ಲಿಯೂ ಒಂದು ಚಿತ್ತಿಲ್ಲ. ಬಸುರಿ ಅದನ್ನು ತಾನೇ ಓದಿಕೊಂಡು, "ರಕ್ತ ಕಡಿಮೆ ಇದೆಯಂತೆ ಟೀಚರ್, ಸೊಪ್ಪು ಎಲ್ಲಿ ಚೆನ್ನಾಗಿ ಸಿಗುತ್ತೆ?" ಎಂದು ಕೇಳಿದಳು.