ಮುಲಾಖತ್ತಿಗೆ ಹೋಗುವುದು ತಪ್ಪೇನು?

ಊರಾಗ ಒಬ್ಬ ಜೈಲಿಗೆ ಹೋದ ಅಂದ್ರ, ಮಂದಿ ಅವನ ಮನಿ ಕಡೆ ಹಾಯೋದೇ ಬಿಡ್ತಾರ. ನೋಡಿ ಬರೋಣ ಅಂದವರಿಗೆ, "ಕಳ್ಳನ ಪರ ನಿಂತಿಯೇನು?" ಅಂತ ಕೇಳ್ತಾರ. ಇದನ್ನು ಕೂತು ವಿಚಾರ ಮಾಡಬೇಕು.

ಜೈಲಿನಲ್ಲಿರುವವರೆಲ್ಲ ಶಿಕ್ಷೆ ಆದವರಲ್ಲ. 2022ರ ಸರ್ಕಾರಿ ಲೆಕ್ಕದಂತೆ ದೇಶದ ಜೈಲುಗಳಲ್ಲಿ ನೂರಕ್ಕೆ 75 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಕೋರ್ಟೇ ತೀರ್ಪು ಕೊಡದಾಗ, ಕಟ್ಟೆ ಮೇಲೆ ಕುಂತು ನಾವು ಕೊಡೋದು ಯಾವ ನ್ಯಾಯ?

ತೆಲಂಗಾಣ ಆದ 2014ರಿಂದ ಸರ್ಕಾರ 'ಫ್ರೆಂಡ್ಲಿ ಪೊಲೀಸ್' ಅನ್ನುತ್ತ ಬಂದಿದೆ. ಒಳ್ಳೇದು. ಆದರೆ ಠಾಣೆಯಲ್ಲಿ ನಮಗೆ ಕುರ್ಚಿ ಕೊಟ್ಟರಷ್ಟೇ ಸಾಲದು. ಹಿಡಿದವನ ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ತಾಸಿನೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಕಾನೂನು. ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡ ಅಷ್ಟೇ ಬರುವ ಮುದುಕಿಗೆ ತೆಲುಗು ಕಾಗದವನ್ನು ಬಿಡಿಸಿ ಹೇಳಬೇಕು. ಇದು ಸ್ನೇಹ.

ಉಳಿದದ್ದು ನಮ್ಮ ಪಾಲು. ಕಳುವಾದ ಮನೆಗೆ ಮೊದಲು ಹೋಗೋಣ. ಅವರ ನೋವು ದೊಡ್ಡದು. ಆಮೇಲೆ ಜೈಲಿನವನ ತಾಯಿ ಜೊತೆ ಮುಲಾಖತ್ತಿಗೂ ಹೋಗೋಣ. ಒಂದು ದಿನದ ಕೂಲಿ ಹೋದೀತು. ವಕೀಲರಿಗೆ ರೊಕ್ಕ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ ಅಂತ ಆ ತಾಯಿಗೆ ತಿಳಿಸೋಣ. ಹೀಗೆ ಮಾಡಿದರೆ ತಪ್ಪನ್ನು ಮುಚ್ಚಿದಂಗಲ್ಲ, ಮನುಷ್ಯನನ್ನು ಕೈಬಿಡಲಿಲ್ಲ ಅಂದಂಗ.

ಬೀಳು ಬಿಟ್ಟ ಹೊಲದಾಗ ಜಾಲಿ ಬೆಳೀತದ, ಅದು ಹೊಲದ ತಪ್ಪಲ್ಲ. ಬಿಡುಗಡೆ ಆದವನು ತಿರುಗಿ ಬರೋದು ಇದೇ ಊರಿಗೆ. ಅವನು ಸಿಟ್ಟು ಹೊತ್ತು ಬರಬೇಕೋ, ನಾಚಿ ತಿದ್ದಿಕೊಂಡು ಬರಬೇಕೋ, ಅದು ಅವನ ಕೈಯಾಗ ಅಷ್ಟೇ ಇಲ್ಲ, ನಮ್ಮ ಕೈಯಾಗೂ ಅದ.