ಅಚ್ಚು ತೆಗೆಯುವವನ ಹೊಣೆ

ಒಂದು ಶಾಲೆಗೆ ನಲವತ್ತು ಕಂಪ್ಯೂಟರುಗಳು ಬಂದಿಳಿದವೆನ್ನಿ. ನಲವತ್ತಕ್ಕೂ ಒಂದೊಂದಾಗಿ ವಿಂಡೋಸ್ ಹಾಕುತ್ತ ಯಾರೂ ಕೂರುವುದಿಲ್ಲ. ಅಂಧೇರಿ, ಪೊವಾಯಿ, ಐರೋಲಿಗಳ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ಇದನ್ನು ಬಲ್ಲರು. ಒಂದು ಯಂತ್ರವನ್ನು ಬೇಕಾದುದೆಲ್ಲ ಹಾಕಿ ಅಣಿಗೊಳಿಸಿ, ಅದರ ಡಿಸ್ಕಿನ ಪೂರ್ತಿ ಪ್ರತಿ ತೆಗೆದು ಮಿಕ್ಕವುಗಳಿಗೆ ಇಳಿಸುತ್ತಾರೆ. ಈ ಪ್ರತಿಗೆ ಅವರು 'ಇಮೇಜ್' ಎನ್ನುತ್ತಾರೆ. ನಾವು ಅಚ್ಚು ಎನ್ನೋಣ.

ಅಚ್ಚು ತೆಗೆಯುವ ಮುನ್ನ ಒಂದು ಕೆಲಸವಿದೆ. ಮೊದಲ ಯಂತ್ರಕ್ಕೆ ತನ್ನದೇ ಆದ ಹೆಸರೂ, 'ಸಿಡ್' ಎಂಬ ಉದ್ದನೆಯ ಗುರುತಿನ ಸಂಖ್ಯೆಯೂ ಇರುತ್ತವೆ. ಮೈಕ್ರೋಸಾಫ್ಟಿನ 'ಸಿಸ್‌ಪ್ರೆಪ್' ಎಂಬ ಸಾಧನ ಇವನ್ನು ಅಳಿಸುತ್ತದೆ. ಆಮೇಲೆ ಚಾಲೂ ಮಾಡಿದಾಗ ಪ್ರತಿಯೊಂದು ಯಂತ್ರವೂ ತನ್ನ ಸ್ವಂತ ಸಂಖ್ಯೆ ಪಡೆಯುತ್ತದೆ.

ಅಳಿಸದೆ ಬಿಟ್ಟರೇನಾದೀತು? ಏನೂ ಆಗದೆಂದು ನಂಬಿದವರು ಬಹಳ. ವಿಂಡೋಸಿನ ಒಳಮರ್ಮ ಬಲ್ಲ ಮಾರ್ಕ್ ರಸಿನೋವಿಚ್ ಅವರೇ 2009ರಲ್ಲಿ, ಒಂದೇ ಸಂಖ್ಯೆಯ ಯಂತ್ರಗಳಿಂದ ಸಾಮಾನ್ಯವಾಗಿ ಕೇಡಿಲ್ಲವೆಂದು ಬರೆದು, ಸಂಖ್ಯೆ ಬದಲಿಸುವ ತಮ್ಮ ಸಾಧನವನ್ನು ಹಿಂತೆಗೆದುಕೊಂಡರು. ಸಿಸ್‌ಪ್ರೆಪ್ ಮಾಡಬೇಕೆಂಬ ಕಂಪೆನಿಯ ನಿಯಮವೇನೋ ಉಳಿಯಿತು. 2025ರಲ್ಲಿ ಬಂದ ಪರಿಷ್ಕರಣೆಗಳು ಈ ಸಂಖ್ಯೆಯನ್ನು ತಾಳೆ ನೋಡತೊಡಗಿದವು. ಒಂದೇ ಸಂಖ್ಯೆಯ ಯಂತ್ರಗಳು ಒಂದನ್ನೊಂದು ಒಳಬಿಡಲೊಲ್ಲವಾದವು! ಉದಾಸೀನ ಮಾಡಿದವನು ಅಷ್ಟರಲ್ಲಿ ಇನ್ನೊಂದು ನೌಕರಿ ಹಿಡಿದಿರಬಹುದು. ತಾಪತ್ರಯ ಮಾತ್ರ ಅಲ್ಲಿ ಕುಳಿತವರದು.

ಆದರೂ ಈ ತಪ್ಪು ಎಂದಾದರೊಮ್ಮೆ ಬಾಯಿಬಿಟ್ಟು ಹೇಳಿತು. ಅಚ್ಚಿನಲ್ಲಿ ಸೇರದೆ ಹೋದದ್ದು ಹಾಗೆ ಹೇಳುವುದಿಲ್ಲ. ನಮ್ಮ ಚಿಂತೆ ಅದರದೇ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರವಿನ್ಯಾಸವಿತ್ತು. ಆದರೆ ಕನ್ನಡ ತಾನಾಗಿ ಮೂಡುತ್ತಿರಲಿಲ್ಲ. ಭಾಷೆಯ ಆಯ್ಕೆಗಳಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕು, ಮೂಲ ಸಿ.ಡಿ. ಕೇಳಿದರೆ ಕೊಡಬೇಕು. ನಮ್ಮ ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಅಂಥದೊಂದು ಶಾಲೆಯ ಅಚ್ಚು ಸಿದ್ಧಪಡಿಸುವವನು ಆ ಗುರುತು ಹಾಕದೆ ಬಿಟ್ಟನೆನ್ನಿ. ನಲವತ್ತು ಪರದೆಗಳಲ್ಲೂ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು. ಮಕ್ಕಳು ದೂರು ಕೊಡುತ್ತಾರೆಯೇ? ಕಂಪ್ಯೂಟರಿಗೆ ಕನ್ನಡ ಬಾರದೆಂದು ತಿಳಿದು ಇಂಗ್ಲಿಷಿನಲ್ಲಿ ಕುಟ್ಟತೊಡಗುತ್ತಾರೆ, ಅಷ್ಟೆ.

ಅವನದೇನು ತಪ್ಪು, ಹೇಳಿದಷ್ಟು ಮಾಡಿದ ಎನ್ನುವವರುಂಟು. ಆ ವಾದ ನಮಗೆ ಅರ್ಧವಷ್ಟೇ ಒಪ್ಪಿಗೆ. ಹೇಳಬೇಕಾದವರು ನಾವೂ ಹೌದು. ಯಂತ್ರ ಕೊಡಿಸಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬರುವ ದಾನಿಗಳೂ ಸಮಿತಿಗಳೂ. ಆದರೆ ತನ್ನ ಒಂದು ಗುರುತು ನಲವತ್ತಾಗುವುದನ್ನು ಬಲ್ಲವನು ಅವನೊಬ್ಬನೇ. ಕೇಳದಿದ್ದರೂ ಕೇಳಿ ತಿಳಿಯುವ ಹೊಣೆ ಅವನಿಗಿಲ್ಲವೆನ್ನಲು ಮನಸ್ಸು ಬಾರದು.

ಅಚ್ಚನ್ನು ಎಲ್ಲ ಯಂತ್ರಗಳಿಗೆ ಇಳಿಸುವ ಮೊದಲು ಒಂದರಲ್ಲಿ ಪರೀಕ್ಷಿಸುವುದು ಈ ಕಸುಬಿನ ರೂಢಿ. ಸಾಮಾನ್ಯವಾಗಿ ಕಸುಬಿನವರೇ ನೋಡಿ ಮುಗಿಸುತ್ತಾರೆ. ಅಂದು ಕನ್ನಡ ಟೀಚರೊಬ್ಬರನ್ನು ಕರೆದು ಕೂರಿಸಿ, 'ಜ್ಞಾನೇಶ್ವರ' ಎಂದು ಬರೆಯಿರಮ್ಮಾ ಎಂದರೆ ಎಷ್ಟು ಹೊತ್ತು ಹಿಡಿದೀತು?