ಹಿತ್ತಲ ಕಾಯಿಪಲ್ಯದಲ್ಲಿ ನೆರೆಯವರ ಪಾಲು

ಮಳೆಗಾಲವು ಹಿಡಿಯಿತೆಂದರೆ ಕರಾವಳಿಯ ನಮ್ಮ ಹಳ್ಳಿಗಳಲ್ಲಿ ಮನೆಯ ಹಿಂದಿನ ಚಿಕ್ಕ ನೆಲವೆಲ್ಲಾ ಹಸುರಾಗುವದು. ಅಲ್ಲಿ ಬೆಂಡೆ, ಹೀರೆ, ಪಡುವಲ, ಅಲಸಂದೆ, ಹರಿವೆ, ಕೆಸು ಮುಂತಾದವುಗಳು ಬೆಳೆಯುವವು. ಬಚ್ಚಲ ನೀರು ಹರಿಯುವ ಕಡೆಯಲ್ಲಿ ಬಸಳೆಯ ಚಪ್ಪರವಿರುವದು. ಬಾವಿಯ ಬಳಿಯ ತಂಪಿನಲ್ಲಿ ಒಂದೆಲಗವು ಹರಡಿಕೊಂಡಿರುವದು. ಬೇಲಿಯ ಮಗ್ಗುಲಲ್ಲಿ ಕರಿಬೇವು, ನುಗ್ಗೆ, ದೊಡ್ಡಪತ್ರೆ, ಅರಿಶಿನ ಇವುಗಳಿರುವವು. ಈ ನೆಲಕ್ಕೆ ಯಾರೂ ಲೆಕ್ಕದ ಪುಸ್ತಕವನ್ನಿಡುವದಿಲ್ಲ. ಆದರೂ ದೊಡ್ಡ ಗದ್ದೆಗಳ ವಿಷಯದಲ್ಲಿ ಹುಟ್ಟದಿರುವ ಒಂದು ಪ್ರಶ್ನೆಯು ಇಲ್ಲಿ ಹುಟ್ಟುವದುಂಟು. ಅದೇನಂದರೆ: ಮನೆಯವರು ಉಣ್ಣುವದಕ್ಕಿಂತ ಹೆಚ್ಚು ಕಾಯಿಗಳನ್ನು ಹೀರೆಯ ಬಳ್ಳಿಯು ಬಿಟ್ಟಾಗ ಆ ಹೆಚ್ಚಾದದ್ದು ಯಾರದು?

ಬೆಳೆಸಿದವನದೇ ಎಂದು ನಾವು ಕೂಡಲೆ ಉತ್ತರ ಕೊಡುವೆವು. ಈ ಉತ್ತರವನ್ನು ತಳ್ಳಿಬಿಡಬಾರದು. ನೆಲವನ್ನು ಅಗೆದವಳು ಮನೆಯಾಕೆ. ಸೆಗಣಿಗೊಬ್ಬರವನ್ನು ಹೊತ್ತವಳೂ ಬೇಸಗೆಯಲ್ಲಿ ಕೊಡದಿಂದ ನೀರೆರೆದವಳೂ ಆಕೆಯೇ. ಕೋಳಿಗಳು ಮೊಳಕೆಯನ್ನು ಕೆದರದಂತೆ ಮುಳ್ಳನ್ನು ಮುಚ್ಚಿದವಳೂ ಆಕೆಯೇ. ಇಷ್ಟು ಪ್ರಯಾಸಪಟ್ಟವಳ ಫಲವನ್ನು ಪ್ರಯಾಸಪಡದವರು ಕೇಳುವದು ನ್ಯಾಯವೋ? ಅಲ್ಲವೆಂದು ಯಾರೂ ಒಪ್ಪಿಕೊಳ್ಳುವರು. ಆದರೆ ಪ್ರಿಯ ವಾಚಕರೇ, ಹಿತ್ತಲಿಗೆ ಹೋಗಿ ಒಂದೊಂದು ಗಿಡವನ್ನು ನೋಡಿ, ಇದು ಎಲ್ಲಿಂದ ಬಂತೆಂದು ವಿಚಾರಿಸಿದರೆ, "ನನ್ನದು" ಎಂಬ ಮಾತು ನಾವೆಣಿಸಿದಷ್ಟು ಗಟ್ಟಿಯಲ್ಲವೆಂದು ಕಾಣುವದು.

ತೊಂಡೆಯನ್ನು ತೆಗೆದುಕೊಳ್ಳೋಣ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದಿಂದ ಹುಟ್ಟಿದ ಬಳ್ಳಿಯು ಗಂಡೋ ಹೆಣ್ಣೋ ಎಂಬದು ಹೂ ಬಿಡುವ ತನಕ ತಿಳಿಯದು; ಗಂಡಾದರೆ ಅದರಲ್ಲಿ ಕಾಯಿಯೇ ಇಲ್ಲ. ಆದದರಿಂದ ಒಳ್ಳೇ ಕಾಯಿ ಬಿಡುವ ಬಳ್ಳಿಯ ತುಂಡನ್ನು ಕಡಿದು ತಂದು ನೆಡುವದೇ ವಾಡಿಕೆ. ಹೀಗಿರಲಾಗಿ ನಮ್ಮ ಚಪ್ಪರದ ತೊಂಡೆಯು ಮತ್ತೊಬ್ಬರ ಚಪ್ಪರದ ತೊಂಡೆಯ ಒಂದು ತುಂಡೇ ಆಗಿದೆ. ಅವರದು ಇನ್ನೊಬ್ಬರದರ ತುಂಡು. ಎಷ್ಟು ಕೈಗಳನ್ನು ದಾಟಿ ಅದು ಬಂತೆಂಬದನ್ನು ಯಾರೂ ಎಣಿಸಲಾರರು. ದೊಡ್ಡಪತ್ರೆಯೂ ಬಸಳೆಯೂ ನುಗ್ಗೆಯೂ ತುಂಡಿನಿಂದಲೇ ಬರುವವು. ಕೆಸುವು ಗಡ್ಡೆಯಿಂದ, ಒಂದೆಲಗವು ಬೇರು ಸಹಿತವಾದ ಬಳ್ಳಿಯಿಂದ ಬರುವದು. ಇವುಗಳನ್ನು ಮೊದಲು ಕೊಟ್ಟವರು ಹೆಚ್ಚಾಗಿ ಬೆಲೆ ಕೇಳಲಿಲ್ಲ. ಅವರು ಕೇಳಿದ್ದರೆ ಬಡವರ ಹಿತ್ತಲುಗಳು ಎಷ್ಟೋ ಬರಿದಾಗಿರುತ್ತಿದ್ದವು.

ಕುಂಬಳದ ಸಂಗತಿಯನ್ನೂ ನೋಡೋಣ. ಸಿಹಿಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಬೇರೆ ಬೇರೆಯಾಗಿ ಅರಳುವವು. ಹೆಣ್ಣು ಹೂವಿನ ಕೆಳಗೆ ಸಣ್ಣ ಮಿಡಿ ಇರುವದು. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುವದು. ಆ ಕೆಲವು ತಾಸುಗಳಲ್ಲಿ ಜೇನುನೊಣಗಳು ಗಂಡು ಹೂವಿನ ಧೂಳಿಯನ್ನು ತಂದು ಹೆಣ್ಣು ಹೂವಿಗೆ ಮುಟ್ಟಿಸದಿದ್ದರೆ ಮಿಡಿಯು ಹಳದಿಯಾಗಿ ಉದುರಿಹೋಗುವದು. ಆ ನೊಣಗಳ ಗೂಡು ನಮ್ಮ ಹಿತ್ತಲಲ್ಲಿಯೇ ಇರಬೇಕೆಂದಿಲ್ಲ. ತುಡುವೆಯ ಜೇನು ನೆರೆಯವರ ಮರದ ಪೊಟರೆಯಲ್ಲಿರಬಹುದು, ಆಚೆಯ ಗೋಡೆಯ ಬಿರುಕಿನಲ್ಲಿರಬಹುದು. ನೊಣಕ್ಕೆ ಬೇಲಿಯಿಲ್ಲ. ಒಬ್ಬನು ಹೂವರಳಿದ ಹೊತ್ತಿನಲ್ಲಿ ತನ್ನ ಗಿಡಗಳಿಗೆ ಕ್ರಿಮಿನಾಶಕ ವಿಷವನ್ನು ಸಿಂಪಡಿಸಿದರೆ ಆಚೆಯ ಮನೆಯಲ್ಲಿ ಕುಂಬಳವು ಕಾಯಾಗದೆ ಹೋಗಬಹುದು. ಅವರಿಗೆ ಕಾರಣವೂ ತಿಳಿಯದು. ಹೀಗೆ ನೆರೆಯವರಿಗೆ ಉಪಕಾರವನ್ನಾಗಲಿ ಹಾನಿಯನ್ನಾಗಲಿ ಮಾಡದೆ ಹಿತ್ತಲನ್ನು ನಡಿಸುವವನು ಯಾರೂ ಇಲ್ಲ.

ಬೀಜದ ಚರಿತ್ರೆಯೂ ಇದನ್ನೇ ತಿಳಿಸುವದು. ಉಡುಪಿಯ ಬಳಿಯ ಮಟ್ಟು ಎಂಬ ಊರಿನಲ್ಲಿ ಬೆಳೆಯುವ ಉರುಟು ಬದನೆಗೆ ಮಟ್ಟುಗುಳ್ಳವೆಂದು ಹೆಸರು. ಹದಿನಾರನೆಯ ಶತಮಾನದ ವಾದಿರಾಜ ಯತಿಗಳು ಅದರ ಬೀಜವನ್ನು ಆ ಊರಿನವರಿಗೆ ಕೊಟ್ಟರೆಂದು ಅಲ್ಲಿಯವರು ಪರಂಪರೆಯಾಗಿ ಹೇಳುತ್ತಾರೆ. 2011ರಲ್ಲಿ ಆ ಬದನೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಮನ್ನಣೆಯು ಒಬ್ಬ ಮನುಷ್ಯನಿಗಲ್ಲ, ಒಂದು ಊರಿನ ಬೆಳೆಗಾರರ ಬೆಳೆಗೆ ಬಂದದ್ದು. ತಲೆತಲಾಂತರಗಳಿಂದ ಒಳ್ಳೇ ಕಾಯಿಯನ್ನು ಬೀಜಕ್ಕೆಂದು ಬಿಟ್ಟು ಕಾಪಾಡಿದವರು ಅನೇಕರು. ಆದದರಿಂದ ಹೆಸರೂ ಅನೇಕರದು. ನಮ್ಮ ದೇಶದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು 2001ರಲ್ಲಿ ಆದದ್ದು. ತಾನು ಬೆಳೆದದ್ದರ ಬೀಜವನ್ನು ಉಳಿಸಿಕೊಳ್ಳುವದಕ್ಕೂ ಮತ್ತೆ ಬಿತ್ತುವದಕ್ಕೂ ಬದಲಾಯಿಸಿಕೊಳ್ಳುವದಕ್ಕೂ ಹಂಚುವದಕ್ಕೂ ಮಾರುವದಕ್ಕೂ ಅದು ರೈತನಿಗೆ ಹಕ್ಕನ್ನು ಕೊಡುತ್ತದೆ. ಸಂರಕ್ಷಿತ ತಳಿಯ ಬೀಜವನ್ನು ಮುದ್ರೆಯ ಹೆಸರಿನಿಂದ ಮಾರುವದನ್ನು ಮಾತ್ರ ತಡೆಯುತ್ತದೆ. ಅಂಗಡಿಯ ಸಂಕರ ಬೀಜದ ಗಿಡದಿಂದ ತೆಗೆದ ಬೀಜವು ತಾಯಿಯಂತೆಯೇ ಬೆಳೆಯುವದಿಲ್ಲ. ಆದದರಿಂದ ನೆರೆಯವರಿಗೆ ಕೊಡಬೇಕೆಂದಿರುವವನು ಹಳೇ ನಾಟಿ ಬೀಜವನ್ನು ಕೈಬಿಡಬಾರದು.

ಹಾಗಾದರೆ ಹೆಚ್ಚಾದ ಕಾಯಿಯು ನೆರೆಯವರದೆಂದು ಹೇಳಬೇಕೋ? ಇಲ್ಲಿ ಜಾಗ್ರತೆ ಬೇಕು. ನೆರೆಯವನು ಕೇಳದೆ ಬೇಲಿ ದಾಟಿ ಕೊಯ್ದರೆ ಅದು ಕಳವೇ. ಕಾಯಿಯು ಚಿಕ್ಕದೆಂದು ಕಳವು ಚಿಕ್ಕದಾಗುವದಿಲ್ಲ. ಅಹಾಬನೆಂಬ ಅರಸನು ನಾಬೋತನ ದ್ರಾಕ್ಷೇತೋಟವನ್ನು ಬಯಸಿದ್ದು ಕಾಯಿಪಲ್ಯದ ತೋಟವನ್ನು ಮಾಡಿಕೊಳ್ಳುವದಕ್ಕೆ ಎಂಬದನ್ನು ನೀವು ಓದಿದ್ದೀರಿ. ಅಷ್ಟು ಅಲ್ಪವಾದ ಆಶೆಯಿಂದ ಒಬ್ಬ ನಿರಪರಾಧಿಯ ಪ್ರಾಣವು ಹೋಯಿತು. ಆದಕಾರಣ ನಾವು ಹೀಗೆ ಹೇಳೋಣ: ನೆರೆಯವನ ಪಾಲು ಕೊಡುವವನ ಮೇಲಿನ ಋಣವು; ತೆಗೆದುಕೊಳ್ಳುವವನ ಹಕ್ಕಲ್ಲ. ತೊಂಡೆಯ ತುಂಡನ್ನು ಪಡೆದವನು ತಾನು ಋಣಿಯೆಂದು ತಿಳುಕೊಳ್ಳತಕ್ಕದ್ದು. ಆದರೆ ಆ ಋಣವನ್ನು ಮತ್ತೊಬ್ಬನು ಬಲಾತ್ಕಾರದಿಂದ ವಸೂಲುಮಾಡಕೂಡದು. ಕೊಟ್ಟವರು ತೀರಿಹೋಗಿದ್ದರೆ, ಇಲ್ಲದವರಿಗೆ ಕೊಡುವದರಿಂದಲೇ ಅದು ತೀರುವದು.

ಮತ್ತೊಂದು ಆಕ್ಷೇಪಣೆಯುಂಟು. ಒಬ್ಬ ವಿಧವೆಯು ತನ್ನ ಹಿತ್ತಲಿನ ಹರಿವೆಯನ್ನೂ ಬಸಳೆಯನ್ನೂ ಕಟ್ಟುಕಟ್ಟಾಗಿ ಸಂತೆಗೆ ಒಯ್ದು ಮಕ್ಕಳ ಪುಸ್ತಕಕ್ಕೆ ಹಣ ಮಾಡುತ್ತಾಳೆ. ಆಕೆಯು ಮಾರಿದ್ದು ತಪ್ಪೋ? ಎಂದಿಗೂ ಅಲ್ಲ. ಇಲ್ಲದವಳಿಂದ ದಾನವನ್ನು ನಿರೀಕ್ಷಿಸುವದು ದಾನವೆಂಬ ಹೆಸರಿನ ಸುಲಿಗೆಯೇ ಸರಿ. ಆದರೆ ಇನ್ನೊಂದನ್ನು ಆಕೆಗೂ ನಮಗೂ ಹೇಳಬೇಕಾಗಿದೆ. ಪ್ರಾಯಸ್ಥನಾದ ಒಬ್ಬನು ದಿನಕ್ಕೆ 400 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಕಾಯಿಪಲ್ಯವನ್ನೂ ಹಣ್ಣನ್ನೂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸಂತೆಗೆ ಸೊಪ್ಪನ್ನು ಹೊತ್ತು ಹೋಗುವ ಕೆಲವು ಮನೆಗಳಲ್ಲಿ ಮಕ್ಕಳು ಗಂಜಿಯನ್ನು ಬರೀ ಉಪ್ಪಿನಕಾಯಿಯೊಂದಿಗೆ ಉಣ್ಣುವದುಂಟು. ಬೆಳೆಸಿದ ತಾಯಿಯೇ ರಕ್ತಹೀನಳಾಗಿರುವದೂ ಉಂಟು. ಆದದರಿಂದ ಹಿತ್ತಲಿನ ಫಲಕ್ಕೆ ಒಂದು ಕ್ರಮವಿರುವದು ಒಳ್ಳೇದು: ಮೊದಲು ಮನೆಯ ಮಕ್ಕಳಿಗೂ ಬೆಳೆಸಿದವಳಿಗೂ ಸಾಕಷ್ಟು; ಅನಂತರ ಬೀಜಕ್ಕೆ ಎಲ್ಲಕ್ಕಿಂತ ಚೆನ್ನಾದ ಕಾಯಿ; ಅನಂತರ ನೆರೆಯವರಿಗೂ ಸಂತೆಗೂ ಅವರವರ ಸ್ಥಿತಿಯಂತೆ. ಹೊಟ್ಟೆಗೆ ಕೊರತೆಯಿಲ್ಲದವನು ಮಾತ್ರ ಸಂತೆಯನ್ನು ನೆರೆಯವರಿಗಿಂತ ಮುಂದಿಡಬಾರದು.

ಇದಲ್ಲದೆ ಕಾಯಿಪಲ್ಯದ ಸ್ವಭಾವವೇ ನಮ್ಮನ್ನು ಎಚ್ಚರಿಸುವದು. ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟರೆ ಉಳಿಯುವದು, ಭತ್ತವನ್ನು ಕಣಜದಲ್ಲಿಡಬಹುದು. ಬೆಂಡೆಯನ್ನು ಎರಡು ಮೂರು ದಿನ ಕೊಯ್ಯದೆ ಬಿಟ್ಟರೆ ನಾರಾಗುವದು. ಹೀರೆಯು ಬಲಿತು ಮೈ ಉಜ್ಜುವ ಜಾಲವಾಗುವದು. ಅಷ್ಟು ಮಾತ್ರವಲ್ಲ: ಬಲಿತ ಕಾಯಿಗಳನ್ನು ಗಿಡದಲ್ಲಿಯೇ ಉಳಿಸಿದರೆ ಬೆಂಡೆಯೂ ಅಲಸಂದೆಯೂ ಹೊಸ ಹೂ ಬಿಡುವದನ್ನು ಕಡಿಮೆಮಾಡುವವು, ಎಳೆಯದಿರುವಾಗಲೇ ಕೊಯ್ಯುತ್ತಿದ್ದರೆ ಹೆಚ್ಚು ದಿನ ಫಲ ಕೊಡುವವು. ಇದರಿಂದ ದಾನಿಗೆ ಯಾವಾಗಲೂ ಲಾಭವೇ ಎಂದು ನಾನು ಹೇಳುವದಿಲ್ಲ. ಲಾಭಕ್ಕಾಗಿ ಕೊಟ್ಟದ್ದು ವ್ಯಾಪಾರವೇ. ಆದರೆ ನಾಳೆ ಕೊಡುವೆನೆಂದು ತಡಮಾಡುವವನಿಗೆ ನಾಳೆ ಕೊಡುವದಕ್ಕೆ ನಾರು ಮಾತ್ರ ಉಳಿಯುವದು. ತನಗೆ ಬೇಡವಾದ ಬಲಿತ ಬೆಂಡೆಯನ್ನು ಬಡವರ ಮನೆಗೆ ಕಳುಹಿಸಿ ದಾನಮಾಡಿದೆನೆಂದು ಹೇಳಿಕೊಳ್ಳುವವರೂ ಇದ್ದಾರೆ. ಅಂಥವರು ತಮ್ಮ ಹಿತ್ತಲನ್ನು ಗುಡಿಸಿದ್ದಾರೆಯೇ ಹೊರತು ಏನನ್ನೂ ಕೊಡಲಿಲ್ಲ.

ಇನ್ನು, ಯಾರಿಗೆ ಕೊಡುವದು ಎಂಬದೊಂದು ಉಂಟು. ಇದು ನಮ್ಮ ದೇಶದಲ್ಲಿ ಸುಲಭವಾದ ಪ್ರಶ್ನೆಯಲ್ಲ. ಬೇರೆ ಜಾತಿಯವರ ಕೈಯಿಂದ ಬೇಯಿಸಿದ ಅನ್ನವನ್ನು ಮುಟ್ಟದವರು ಕೂಡ ಹಸೀ ಸೌತೆಕಾಯಿಯನ್ನೋ ಬಾಳೆಕಾಯಿಯನ್ನೋ ತೆಗೆದುಕೊಳ್ಳುತ್ತಿದ್ದದ್ದುಂಟು. ಹಸಿಯದಕ್ಕೆ ಮೈಲಿಗೆಯಿಲ್ಲ, ಬೆಂದದ್ದಕ್ಕೆ ಉಂಟು ಎಂದು ಅವರ ಎಣಿಕೆ. ಅಸ್ಪೃಶ್ಯತೆಯನ್ನು ತೆಗೆದುಹಾಕಿದ ರಾಜ್ಯಾಂಗವು 1950ರಲ್ಲಿ ಜಾರಿಗೆ ಬಂದರೂ ಹೃದಯಗಳಲ್ಲಿರುವ ಬೇಲಿಯು ಎಲ್ಲಾ ಕಡೆ ಬಿದ್ದುಹೋಗಲಿಲ್ಲ. ನಮ್ಮ ಸಭೆಗಳೊಳಗೆ ಅದು ಇಲ್ಲವೇ ಇಲ್ಲವೆಂದು ಯಾರು ಹೇಳಬಲ್ಲರು? ಹೀಗಿರಲಾಗಿ ಬೇಲಿಯ ಮೇಲಿನಿಂದ ಕೊಟ್ಟ ಸೌತೆಕಾಯಿಯು ಎರಡು ಬಗೆಯಾಗಿರಬಹುದು. ಮಾತಾಡದಿದ್ದ ಎರಡು ಮನೆಗಳ ನಡುವೆ ಅದು ಮೊದಲನೆಯ ಮಾತಾಗಬಹುದು. ಅಥವಾ ಕಾಯಿಯನ್ನು ಕೊಟ್ಟಾಯಿತು, ಇನ್ನು ಮನೆಯೊಳಗೆ ಕರೆಯಬೇಕಾಗಿಲ್ಲ ಎಂದು ಬಾಗಿಲು ಮುಚ್ಚಿಕೊಳ್ಳುವದಕ್ಕೆ ನೆವವಾಗಬಹುದು. ಕಾಯಿ ಒಂದೇ, ಕೊಡುವ ಮನಸ್ಸು ಬೇರೆ. ಒಬ್ಬನ ಹಿತ್ತಲಿನ ಬದನೆಯನ್ನು ತೆಗೆದುಕೊಂಡು ಆತನ ಮನೆಯ ಬದನೆಯ ಪಲ್ಯವನ್ನು ಬೇಡವೆನ್ನುವವನು ಬದನೆಗೆ ಮರ್ಯಾದೆ ಕೊಟ್ಟನು, ಮನುಷ್ಯನಿಗೆ ಕೊಡಲಿಲ್ಲ.

ಕಡೆಯದಾಗಿ, ತೆಗೆದುಕೊಳ್ಳುವದೂ ಒಂದು ಕರ್ತವ್ಯವೇ. ಯಾರ ಹಂಗೂ ತನಗೆ ಬೇಡವೆಂದು ಹೇಳುವವನು ಧೈರ್ಯಶಾಲಿಯಾಗಿ ಕಾಣಬಹುದು. ಆದರೆ ಆತನ ಬಾಯಿಗೆ ಬೀಳುವ ಪ್ರತಿಯೊಂದು ತುತ್ತಿನಲ್ಲಿಯೂ ಮತ್ತೊಬ್ಬರ ಹಂಗುಂಟು. ಬಡವನು ಒಂದು ಹಿಡಿ ಒಂದೆಲಗವನ್ನು ತಂದು ಕೊಟ್ಟರೆ ಅದನ್ನು ಸಂತೋಷದಿಂದ ತೆಗೆದುಕೊಳ್ಳಬೇಕು. ಆತನನ್ನು ಕೊಡುವವನನ್ನಾಗಿ ಮಾಡುವದು ಆತನಿಗೆ ನಾವು ಕೊಡಬಹುದಾದ ದೊಡ್ಡ ಮಾನವು. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದೆ ಕಳುಹಿಸಬಾರದೆಂಬ ನಮ್ಮ ಹಿರಿಯರ ವಾಡಿಕೆಯಲ್ಲಿ ಲೆಕ್ಕದ ಮಾತಿಲ್ಲ. ಎರಡು ಹಸಿಮೆಣಸಿನಕಾಯಿ ಹಾಕಿದರೂ ಸಾಕು. ಈ ಮನೆಯವರೂ ಕೊಡಬಲ್ಲರು ಎಂಬದು ಅದರ ಅರ್ಥವು.

ಆದದರಿಂದ ಪ್ರಿಯ ಸಹೋದರ ಸಹೋದರಿಯರೇ, ಹಿತ್ತಲಿನ ಫಲವು ನಮ್ಮದೇ ಸರಿ, ಆದರೆ ನಮ್ಮದು ಮಾತ್ರವಲ್ಲ. ಈ ವರುಷ ಬಿತ್ತುವಾಗ ಮನೆಗೆ ಬೇಕಾದದ್ದಕ್ಕಿಂತ ಒಂದು ಬಳ್ಳಿಯನ್ನು ಹೆಚ್ಚಾಗಿ ನೆಡಿರಿ. ಮೊದಲು ಬಿಟ್ಟ ಚೆನ್ನಾದ ಕಾಯಿಯೊಂದನ್ನು ಬೀಜಕ್ಕೆಂದು ಗುರುತಿಟ್ಟು, ಒಣಗಿದ ಮೇಲೆ ಬೂದಿಯಲ್ಲಿ ಕಲಸಿ ತೆಗೆದಿಡಿರಿ. ಹೂವರಳಿದ ಹೊತ್ತಿನಲ್ಲಿ ವಿಷವನ್ನು ಸಿಂಪಡಿಸಬೇಡಿರಿ. ತೊಂಡೆಯ ತುಂಡನ್ನು ಕೇಳಿ ಬಂದವರು ಯಾವ ಜಾತಿಯವರೆಂದು ವಿಚಾರಿಸದೆ ಬಲಿತ ಕೊಂಬೆಯಿಂದಲೇ ಕಡಿದು ಕೊಡಿರಿ. ಬಳ್ಳಿಯನ್ನು ಕಡಿದರೆ ಅದು ಸಾಯುವದಿಲ್ಲ. ಕಡಿದ ಕಡೆಯಿಂದ ಮತ್ತೆ ಚಿಗುರುವದು.